‘ಪ್ಲೀಸ್ ರಿವರ್ಟ್’ ಅಂದರೆ ಉತ್ತರ ಕೊಡಿ ಅಂತಲೋ, ಹಳೆಯದಕ್ಕೇ ಮರಳಿ ಅಂತಲೋ?

ಓದುಗರ ಪ್ರಶ್ನೆ: ನಾನು ರಫ್ತು ಕಂಪನಿಯೊಂದರಲ್ಲಿ ಗ್ರಾಹಕರ ಜೊತೆಗಿನ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಈಚೆಗೆ ಇಂಗ್ಲೆಂಡಿನ ಗ್ರಾಹಕರೊಬ್ಬರಿಗೆ ಹೊಸ ದರಪಟ್ಟಿ ಕಳಿಸಿ, ‘ಕೈಂಡ್ಲಿ ರಿವರ್ಟ್ ಆನ್ ದ ರಿವೈಸ್ಡ್ ರೇಟ್ಸ್’ ಎಂದು ಬರೆದೆ. ದರದ ಬಗ್ಗೆ ಉತ್ತರ ಕೊಡಿ ಎನ್ನುವುದು ನನ್ನ ಉದ್ದೇಶ. ಅವರು ‘ಅಂದರೆ ಹಳೆ ದರಕ್ಕೇ ಹೋಗುತ್ತಿದ್ದೀರಾ?’ ಎಂದು ಕೇಳಿದರು. ನಮ್ಮ ಮ್ಯಾನೇಜರ್ ‘ಇದು ತಪ್ಪು ಇಂಗ್ಲಿಷ್, ನಮ್ಮವರು ಮಾತ್ರ ಮಾಡುವ ಎಡವಟ್ಟು’ ಎಂದು ಎಲ್ಲರ ಮುಂದೆ ಹೇಳಿದರು. ಆದರೆ ನಿಘಂಟಿನಲ್ಲಿ ಉತ್ತರ ಕೊಡು ಎಂಬ ಅರ್ಥ ಇದೆ. ಸಾಫ್ಟ್‌ವೇರ್‌ನಲ್ಲಿರುವ ಗೆಳೆಯ ರಿವರ್ಟ್ ಅಂದರೆ ಮಾಡಿದ ಬದಲಾವಣೆ ರದ್ದು ಮಾಡುವುದು ಎನ್ನುತ್ತಾನೆ. ನಮ್ಮ ಕರಾರುಪತ್ರದಲ್ಲಿ ‘ರೈಟ್ಸ್ ಶಲ್ ರಿವರ್ಟ್’ ಎಂದಿದೆ, ಅದು ಇನ್ನೊಂದೇ ಅರ್ಥ. ಈ ಪದದ ನಿಜವಾದ ಅರ್ಥ ಯಾವುದು? ನಾನು ಇದನ್ನು ಬಿಟ್ಟುಬಿಡಬೇಕಾ? ‘ರಿವರ್ಟ್ ಬ್ಯಾಕ್’ ಎನ್ನುವುದು ಸರಿಯಾ?

ಉತ್ತರ: ಮೊದಲು ಒಂದು ಮಾತು. ನೀವು ಬರೆದದ್ದು ತಪ್ಪು ಇಂಗ್ಲಿಷ್ ಅಲ್ಲ. ಆದರೆ ಆ ಗ್ರಾಹಕರಿಗೆ ಅದನ್ನು ಬರೆಯಬಾರದಿತ್ತು. ಇವೆರಡೂ ಬೇರೆ ಬೇರೆ ವಿಷಯ. ನಿಮ್ಮ ಮ್ಯಾನೇಜರ್ ಎರಡನ್ನೂ ಒಂದೇ ಮಾಡಿದ್ದಾರೆ, ಅದಕ್ಕೇ ನಿಮಗೆ ಇಷ್ಟು ಬೇಸರವಾಗಿದೆ. ಕಂಪನಿಗಳ ಇಂಗ್ಲಿಷ್ ಪತ್ರ, ಕರಾರುಗಳ ಭಾಷೆ ತಿದ್ದುವುದೇ ನನ್ನ ಕೆಲಸ, ಮತ್ತು ಈ ಒಂದು ಪದದ ಮೇಲೆ ನಡೆದಷ್ಟು ವಾದ ಬೇರೆ ಪದದ ಮೇಲೆ ನಡೆದದ್ದನ್ನು ನಾನು ಕಂಡಿಲ್ಲ.

‘ನಿಜವಾದ ಅರ್ಥ’ ಯಾವುದು ಎಂದು ಕೇಳಿದ್ದೀರಿ. ಮೂಲದಿಂದಲೇ ನೋಡೋಣ.

ರಿವರ್ಟ್ ಲ್ಯಾಟಿನ್‌ನ ‘ರೆವೆರ್ತೆರೆ’ಯಿಂದ ಬಂದದ್ದು. ‘ರೆ’ ಅಂದರೆ ಹಿಂದಕ್ಕೆ, ‘ವೆರ್ತೆರೆ’ ಅಂದರೆ ತಿರುಗು. ಹಳೆಯ ಫ್ರೆಂಚ್ ಮೂಲಕ 1300ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ಏನಿತ್ತು ಗೊತ್ತಾ? ಪ್ರಜ್ಞೆ ತಪ್ಪಿದವರಿಗೆ ಪ್ರಜ್ಞೆ ಮರಳುವುದು, ಕಾಯಿಲೆಯಿಂದ ಚೇತರಿಸಿಕೊಳ್ಳುವುದು. ಇವತ್ತು ಯಾರೂ ಆ ಅರ್ಥದಲ್ಲಿ ಬಳಸುವುದಿಲ್ಲ. ಹಾಗಾಗಿ ಅತ್ಯಂತ ಹಳೆಯದೇ ನಿಜವಾದ ಅರ್ಥ ಎನ್ನುವುದಾದರೆ ನೀವೂ ತಪ್ಪು, ನಿಮ್ಮ ಗ್ರಾಹಕರೂ ತಪ್ಪು, ಕರಾರು ಬರೆದ ವಕೀಲರೂ ತಪ್ಪು.

ಈ ‘ವೆರ್ತೆರೆ’ ನಮಗೆ ಅಪರಿಚಿತವೇನಲ್ಲ. ಸಂಸ್ಕೃತದ ‘ವೃತ್’ ಧಾತು ಮತ್ತು ಇದು ಒಂದೇ ಬೇರಿನವು. ನಾವು ದಿನಾ ಬಳಸುವ ವೃತ್ತ, ವರ್ತುಲ, ಪರಿವರ್ತನೆ, ಪುನರಾವರ್ತನೆ, ನಿವೃತ್ತಿ ಎಲ್ಲ ಅಲ್ಲಿಂದಲೇ ಬಂದವು. ಇಂಗ್ಲಿಷ್ ಕಡೆ ರಿವರ್ಸ್, ಕನ್ವರ್ಟ್, ಇನ್ವರ್ಟ್, ಡೈವರ್ಟ್, ಡೈವೋರ್ಸ್, ವರ್ಶನ್, ಯೂನಿವರ್ಸ್ ಎಲ್ಲ ಇದೇ ಮನೆತನ. ನನಗೆ ಯಾವಾಗಲೂ ಖುಷಿ ಕೊಡುವ ಜೋಡಿ ಒಂದಿದೆ. ಇಂಗ್ಲಿಷಿನಲ್ಲಿ ಪದ್ಯಕ್ಕೆ ವರ್ಸ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದು ನೇಗಿಲು ಹೊಲದ ತುದಿಯಲ್ಲಿ ತಿರುಗಿ ಎಳೆದ ಸಾಲು. ಅಲ್ಲಿಂದ ಬರವಣಿಗೆಯ ಸಾಲಾಯಿತು. ನಮ್ಮ ಹಳೆಗನ್ನಡ ಕವಿಗಳು ಚಂಪೂ ಕಾವ್ಯಗಳಲ್ಲಿ ಬರೆದದ್ದೂ ವೃತ್ತ ಎಂಬ ಛಂದಸ್ಸಿನ ಪದ್ಯಗಳನ್ನೇ ಅಲ್ವಾ? ವರ್ಶನ್‌ಗೆ ನಾವು ಆವೃತ್ತಿ ಎನ್ನುತ್ತೇವೆ, ಅಲ್ಲೂ ಅದೇ ತಿರುಗುವಿಕೆ. ಅಂದರೆ ಈ ಬೇರು ಯಾವ ಭಾಷೆಗೆ ಹೋದರೂ ಒಂದೇ ಅರ್ಥಕ್ಕೆ ಅಂಟಿಕೊಂಡು ಕೂತಿಲ್ಲ, ಎಲ್ಲ ಕಡೆಯೂ ಕವಲೊಡೆದಿದೆ.

ಇಂಗ್ಲಿಷಿನಲ್ಲಿ ರಿವರ್ಟ್ ಗಟ್ಟಿಯಾಗಿ ಬೇರೂರಿದ್ದು ಆಸ್ತಿ ಕಾನೂನಿನಲ್ಲಿ. 15ನೇ ಶತಮಾನದ ಹೊತ್ತಿಗೆ ಅಲ್ಲಿ ನೆಲೆಯಾಗಿತ್ತು. ಒಬ್ಬ ಜಮೀನುದಾರ ಇನ್ನೊಬ್ಬನಿಗೆ ‘ನೀನು ಬದುಕಿರುವವರೆಗೆ ಈ ಜಮೀನು ನಿನ್ನದು’ ಎಂದು ಬರೆದುಕೊಡುತ್ತಾನೆ. ಆತ ಸತ್ತ ದಿನ ಜಮೀನು ಕೊಟ್ಟವನಿಗೋ ಅವನ ವಾರಸುದಾರರಿಗೋ ತಾನಾಗಿಯೇ ಮರಳುತ್ತದೆ. ಯಾರೂ ಹೊಸದಾಗಿ ಬರೆದುಕೊಡಬೇಕಿಲ್ಲ. ಈ ಮರಳುವಿಕೆಗೆ ರಿವರ್ಶನ್ ಎಂದು ಹೆಸರು. ಜಮೀನು ಕೊಟ್ಟವನಿಗೆ ಮರಳದೆ ಮೂರನೆಯವನಿಗೆ ಹೋಗಬೇಕು ಎಂದು ಮೊದಲೇ ಬರೆದಿದ್ದರೆ ಅದು ರಿವರ್ಶನ್ ಅಲ್ಲ, ರಿಮೇಂಡರ್. ವಕೀಲರು ಈ ಎರಡನ್ನು ಬಹಳ ಹುಷಾರಾಗಿ ಬೇರೆ ಮಾಡುತ್ತಾರೆ.

ನಿಮ್ಮ ಕರಾರಿನ ‘ರೈಟ್ಸ್ ಶಲ್ ರಿವರ್ಟ್’ ಈ ವಂಶದ್ದೇ. ಪುಸ್ತಕ ಪ್ರಕಾಶನದ ಕರಾರುಗಳಲ್ಲೂ ಇದು ಇರುತ್ತದೆ: ಪುಸ್ತಕ ಮಾರುಕಟ್ಟೆಯಲ್ಲಿ ಸಿಗದೆ ಇಷ್ಟು ಕಾಲವಾದರೆ ಹಕ್ಕು ಲೇಖಕರಿಗೆ ಮರಳುತ್ತದೆ ಎಂಬ ಷರತ್ತು. ಬ್ರಿಟನ್ನಿನ 1911ರ ಕಾಪಿರೈಟ್ ಕಾಯ್ದೆಯಲ್ಲಿ ಇನ್ನೂ ದೊಡ್ಡ ಏರ್ಪಾಡಿತ್ತು. ಲೇಖಕರು ಬದುಕಿದ್ದಾಗ ಹಕ್ಕನ್ನು ಯಾರಿಗೇ ಬರೆದುಕೊಟ್ಟಿರಲಿ, ಅವರು ತೀರಿಕೊಂಡು 25 ವರ್ಷ ಆದ ಮೇಲೆ ಅದು ವಾರಸುದಾರರಿಗೆ ಮರಳುತ್ತಿತ್ತು. ದೇಶಗಳ ಮಟ್ಟದಲ್ಲೂ ಇದೇ ಪದ ಬಂದಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕೈಯಲ್ಲಿದ್ದ ಓಕಿನಾವಾ 1972ರ ಮೇ 15ರಂದು ಜಪಾನಿಗೆ ಮರಳಿತು. ಇಂಗ್ಲಿಷ್ ಬರಹಗಳಲ್ಲಿ ಅದಕ್ಕೆ ‘ಓಕಿನಾವಾ ರಿವರ್ಶನ್’ ಎಂದೇ ಹೆಸರು.

ಕಾನೂನಿನಿಂದ ಪದ ಮನುಷ್ಯರ ನಡವಳಿಕೆಗೆ ಹರಡಿತು. ಸಿಗರೇಟು ಬಿಟ್ಟವರು ಮತ್ತೆ ಶುರು ಮಾಡಿದರೆ ‘ರಿವರ್ಟೆಡ್ ಟು ಓಲ್ಡ್ ಹ್ಯಾಬಿಟ್ಸ್’. ಇಲ್ಲಿ ಒಂದು ಸೂಕ್ಷ್ಮ ಇದೆ, ನಿಘಂಟು ನೋಡಿದರೆ ಥಟ್ಟನೆ ಗೊತ್ತಾಗುವುದಿಲ್ಲ. ಹೀಗೆ ಬಳಸಿದಾಗ ಎಷ್ಟೋ ಸಲ ಕೆಳಗಿಳಿದ ಛಾಯೆ ಇರುತ್ತದೆ. ಸುಧಾರಿಸಿದ್ದು ಮತ್ತೆ ಹಳೆಯ ಚಾಳಿಗೆ ಬಿತ್ತು ಎನ್ನುವ ಹಾಗೆ. ಬ್ರಿಟಿಷ್ ಓದುಗರ ಕಿವಿಗೆ ‘ರಿವರ್ಟ್’ ಬಿದ್ದ ಕೂಡಲೇ ‘ಯಾವ ಹಳೆಯದಕ್ಕೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನಿಮ್ಮ ಪತ್ರದಲ್ಲಿ ಅದರ ಪಕ್ಕದಲ್ಲೇ ‘ರೇಟ್ಸ್’ ಇತ್ತು. ಅವರು ಹಳೆ ದರ ಎಂದುಕೊಂಡದ್ದರಲ್ಲಿ ಆಶ್ಚರ್ಯವೇ ಇಲ್ಲ.

ವಿಜ್ಞಾನಕ್ಕೂ ಒಂದು ಹೆಜ್ಜೆ ಹೋಗಿಬರೋಣ, ಅಲ್ಲಿಯ ಕಥೆ ಚೆನ್ನಾಗಿದೆ. ಡಾರ್ವಿನ್ ಪಾರಿವಾಳ ಸಾಕುತ್ತಿದ್ದರು. ಪೂರ್ತಿ ಬಿಳಿಯ ಫ್ಯಾನ್‌ಟೇಲ್ ತಳಿಯನ್ನು ಪೂರ್ತಿ ಕಪ್ಪಾದ ಬಾರ್ಬ್ ತಳಿಯ ಜೊತೆ ಕೂಡಿಸಿದರು. ಕಂದು-ಕಪ್ಪು ಮಚ್ಚೆಯ ಮರಿಗಳಾದವು. ಆ ಮರಿಗಳನ್ನೇ ಮತ್ತೆ ಕೂಡಿಸಿದಾಗ, ಒಂದು ಮೊಮ್ಮಗು ಚಂದದ ನೀಲಿ ಬಣ್ಣ, ಬಿಳಿ ಸೊಂಟ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ ಹೊತ್ತು ಹುಟ್ಟಿತು. ಸಾಕ್ಷಾತ್ ಕಾಡಿನ ಬಂಡೆ ಪಾರಿವಾಳದ ಬಣ್ಣ! ಅಜ್ಜ-ಅಜ್ಜಿ ಯಾರಲ್ಲೂ ಇಲ್ಲದ್ದು. 1859ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಡಾರ್ವಿನ್ ಇದನ್ನು ಪೂರ್ವಜರ ಗುಣಕ್ಕೆ ರಿವರ್ಶನ್ ಎಂದು ವಿವರಿಸಿದರು. ಅವರ ಬಂಧು ಫ್ರಾನ್ಸಿಸ್ ಗಾಲ್ಟನ್ ಇದೇ ಪದವನ್ನು ಲೆಕ್ಕಕ್ಕೆ ತಂದರು. ದೊಡ್ಡ ಬೀಜದಿಂದ ಬೆಳೆದ ಸ್ವೀಟ್ ಪೀ ಗಿಡಗಳ ಬೀಜಗಳು ಸರಾಸರಿಯ ಕಡೆಗೆ ವಾಲುವುದನ್ನು ನೋಡಿ 1877ರಲ್ಲಿ ಅದಕ್ಕೆ ರಿವರ್ಶನ್ ಎಂದೇ ಹೆಸರಿಟ್ಟಿದ್ದರು. ಆಮೇಲೆ ರಿಗ್ರೆಶನ್ ಎಂದು ಬದಲಿಸಿಕೊಂಡರು. ಇವತ್ತು ಸಂಖ್ಯಾಶಾಸ್ತ್ರ ಓದುವ ಪ್ರತಿಯೊಬ್ಬರೂ ಕಲಿಯುವ ರಿಗ್ರೆಶನ್‌ನ ಹಿಂದೆ ನಮ್ಮ ಈ ಪದ ಇದೆ. ಬೆಲೆ ಸರಾಸರಿಗೆ ಮರಳುವುದಕ್ಕೆ ಷೇರು ಮಾರುಕಟ್ಟೆಯವರು ಹೇಳುವ ‘ಮೀನ್ ರಿವರ್ಶನ್’ನಲ್ಲಿ ಅದು ಈಗಲೂ ಉಳಿದಿದೆ.

ಈಗ ನಿಮ್ಮ ಗೆಳೆಯನ ಮಾತಿಗೆ ಬರೋಣ. ಇದಕ್ಕೆ ಸ್ವಲ್ಪ ವ್ಯಾಕರಣ ಬೇಕು. ಕನ್ನಡದಲ್ಲಿ ಮರಳು ಬೇರೆ, ಮರಳಿಸು ಬೇರೆ. ತಿರುಗು ಬೇರೆ, ತಿರುಗಿಸು ಬೇರೆ. ಮೊದಲನೆಯದು ತಾನಾಗಿ ಆಗುವುದು, ಎರಡನೆಯದು ಯಾರೋ ಮಾಡಿಸುವುದು. ಇಂಗ್ಲಿಷಿನಲ್ಲಿ ಶತಮಾನಗಳ ಕಾಲ ರಿವರ್ಟ್ ಹೆಚ್ಚಾಗಿ ‘ಮರಳು’ ಆಗಿತ್ತು, ರಿವರ್ಸ್ ‘ಮರಳಿಸು’ ಆಗಿತ್ತು. ಆಸ್ತಿ ರಿವರ್ಟ್ ಆಗುತ್ತದೆ. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ರಿವರ್ಸ್ ಮಾಡುತ್ತದೆ. ಹಳೆಯ ಕಾವ್ಯದಲ್ಲಿ ಕಣ್ಣನ್ನು ಹಿಂದಕ್ಕೆ ಹೊರಳಿಸುವುದಕ್ಕೆ ರಿವರ್ಟ್ ಬಳಸಿದ್ದುಂಟು, ಆದರೆ ಅದು ಮಾಸಿಹೋಗಿತ್ತು. ಕಂಪ್ಯೂಟರ್ ಬಂದ ಮೇಲೆ ‘ಮರಳಿಸು’ ಅರ್ಥ ಜೋರಾಗಿ ವಾಪಸ್ ಬಂತು. ಫೈಲನ್ನು ರಿವರ್ಟ್ ಮಾಡು, ಬದಲಾವಣೆ ರಿವರ್ಟ್ ಮಾಡು. ವಿಕಿಪೀಡಿಯದಲ್ಲಂತೂ ಇದಕ್ಕೆ ನಿಯಮವೇ ಇದೆ: ಒಂದು ಪುಟದಲ್ಲಿ 24 ಗಂಟೆಯೊಳಗೆ 3ಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿ ಅಳಿಸಿ ಹಳೆಯದಕ್ಕೆ ತರುವಂತಿಲ್ಲ.

2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ, ಸಾಫ್ಟ್‌ವೇರ್ ಬರೆಯುವವರ ಬದಲಾವಣೆಗಳ ಚರಿತ್ರೆ ಕಾಯ್ದಿಡುವ ಗಿಟ್‌ನಲ್ಲಿ ರಿವರ್ಟ್ ಎಂಬ ಆಜ್ಞೆ ಇದೆ, ಮತ್ತು ಅದು ನಾವು ಅಂದುಕೊಂಡ ಹಾಗೆ ಕೆಲಸ ಮಾಡುವುದಿಲ್ಲ. ತಪ್ಪಾದ ಬದಲಾವಣೆಯನ್ನು ಅದು ಚರಿತ್ರೆಯಿಂದ ಅಳಿಸುವುದಿಲ್ಲ. ಅದಕ್ಕೆ ಸರಿಯಾಗಿ ಉಲ್ಟಾ ಇರುವ ಇನ್ನೊಂದು ಬದಲಾವಣೆಯನ್ನು ಹೊಸದಾಗಿ ಸೇರಿಸುತ್ತದೆ. ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಉಳಿಯುತ್ತದೆ. ಹಳೆಯದನ್ನು ಕಿತ್ತುಹಾಕಬೇಕಾದರೆ ರೀಸೆಟ್ ಎಂಬ ಬೇರೆ ಆಜ್ಞೆ ಇದೆ. ಹಲವರು ಸೇರಿ ಕೆಲಸ ಮಾಡುವ ಕಡೆ ಅದು ಅಪಾಯದ್ದು.

ಇನ್ನು ಉಳಿದದ್ದು ‘ಉತ್ತರ ಕೊಡು’ ಅರ್ಥ. ನಿಮ್ಮನ್ನು ಅವಮಾನ ಮಾಡಿದ್ದು ಇದಕ್ಕೇ ತಾನೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಇಂಗ್ಲಿಷರು ಮಾತಾಡುವಾಗ ಬೇರೆ ಕಡೆ ಹೋದ ವಿಷಯಕ್ಕೆ ಮರಳುವುದಕ್ಕೆ ‘ಟು ರಿವರ್ಟ್ ಟು ಯುವರ್ ಕ್ವೆಶ್ಚನ್’ ಎನ್ನುತ್ತಾರೆ. ಇದು ಹಳೆಯ, ಗೌರವದ ಬಳಕೆ. ಇಲ್ಲಿ ಮಾತಾಡುವವರು ಒಂದು ವಿಷಯಕ್ಕೆ ಮರಳುತ್ತಾರೆ. ಅಲ್ಲಿಂದ ‘ಈ ವಿಷಯ ನೋಡಿಕೊಂಡು ನಿಮ್ಮ ಬಳಿ ಮರಳುತ್ತೇನೆ’ ಎನ್ನುವುದಕ್ಕೆ ಎಷ್ಟು ದೂರ? ವಿಷಯದ ಜಾಗದಲ್ಲಿ ವ್ಯಕ್ತಿ ಬಂದರು, ಅಷ್ಟೇ. ‘ಐ ವಿಲ್ ಗೆಟ್ ಬ್ಯಾಕ್ ಟು ಯೂ’ ಎಂದು ಲಂಡನ್ನಿನವರು ದಿನಾ ಹೇಳುತ್ತಾರಲ್ಲ, ಅದರ ಅಕ್ಷರಶಃ ಅರ್ಥವೂ ಇದೇ. ಆ ಮಾತು ಸರಿ, ಅದೇ ಅರ್ಥದ ಒಂದೇ ಪದ ಮಾತ್ರ ತಪ್ಪು ಎನ್ನುವುದಕ್ಕೆ ತರ್ಕ ಇಲ್ಲ.

‘ರಿವರ್ಟ್ ಅಂದರೆ ಹಿಂದಕ್ಕೆ ತಿರುಗು, ಅದು ಉತ್ತರ ಹೇಗಾಗುತ್ತದೆ?’ ಎಂದು ಕೇಳುವವರಿಗೆ ನಾನು ರಿಪ್ಲೈ ಪದದ ಹುಟ್ಟು ತೋರಿಸುತ್ತೇನೆ. ರಿಪ್ಲೈ ಬಂದದ್ದು ಲ್ಯಾಟಿನ್‌ನ ‘ರೆಪ್ಲಿಕಾರೆ’ಯಿಂದ, ಅಂದರೆ ಹಿಂದಕ್ಕೆ ಮಡಚು. ರೆಸ್ಪಾಂಡ್ ಅಂದರೆ ಮೂಲದಲ್ಲಿ ಮರಳಿ ಮಾತು ಕೊಡುವುದು. ಆನ್ಸರ್ ಹಳೆಯ ಇಂಗ್ಲಿಷಿನಲ್ಲಿ ಎದುರಾಗಿ ಆಣೆ ಮಾಡುವುದು. ಉತ್ತರ ಎಂಬ ಅರ್ಥದ ಒಂದೊಂದು ಪದದಲ್ಲೂ ಹಿಂದಕ್ಕೆ, ಎದುರಿಗೆ ಎನ್ನುವ ಭಾವ ಇದ್ದೇ ಇದೆ. ಕನ್ನಡದಲ್ಲೂ ಅಷ್ಟೇ: ಓಲೆಗೆ ಮಾರೋಲೆ, ನುಡಿಗೆ ಮಾರ್ನುಡಿ, ಮಾರುತ್ತರ. ಮಡಚುವುದು ಉತ್ತರವಾಗಬಹುದಾದರೆ ತಿರುಗುವುದು ಯಾಕೆ ಆಗಬಾರದು? ನಮ್ಮವರಿಗೆ ರಿವರ್ಟ್ ಇಷ್ಟು ಸಲೀಸಾಗಿ ಬಾಯಿಗೆ ಬರುವುದಕ್ಕೂ ಇದೇ ಕಾರಣ ಇರಬಹುದು ಎಂದು ನನಗೆ ಅನ್ನಿಸುತ್ತದೆ. ನಮಗೆ ಉತ್ತರ ಎಂದರೆ ಮೊದಲಿನಿಂದಲೂ ತಿರುಗಿ ಬರುವ ಮಾತೇ.

ನಮ್ಮವರು ಮಾತ್ರ ಹೀಗೆ ಬರೆಯುತ್ತಾರೆ ಎನ್ನುವುದೂ ಸುಳ್ಳು. ಸಿಂಗಾಪುರ, ಮಲೇಷ್ಯಾ, ಪಾಕಿಸ್ತಾನದ ಆಫೀಸುಗಳಲ್ಲೂ ಇದು ಧಾರಾಳವಾಗಿ ಓಡಾಡುತ್ತದೆ. ಹಡಗು ಬಾಡಿಗೆಯ ದಲ್ಲಾಳಿಗಳ ಪತ್ರಗಳಲ್ಲೂ ಕಾಣುತ್ತದೆ. ನೀವು ನೋಡಿದ ನಿಘಂಟು ಯಾವುದೋ ಗೊತ್ತಿಲ್ಲ, ಆಕ್ಸ್‌ಫರ್ಡ್‌ನವರು ಕಲಿಯುವವರಿಗಾಗಿ ಮಾಡಿದ ನಿಘಂಟಿನಲ್ಲಂತೂ ಈ ಅರ್ಥ ಇದೆ, ‘ಇಂಡಿಯನ್ ಇಂಗ್ಲಿಷ್’ ಎಂಬ ಗುರುತಿನ ಜೊತೆಗೆ. ಆ ಗುರುತನ್ನು ಎರಡು ಗುಂಪಿನವರೂ ತಪ್ಪಾಗಿ ಓದುತ್ತಾರೆ. ನಿಮ್ಮ ಮ್ಯಾನೇಜರ್ ತರಹದವರು ಅದನ್ನು ‘ತಪ್ಪು’ ಎಂದು ಓದುತ್ತಾರೆ. ಪದದ ಪರ ನಿಂತವರು ‘ನಿಘಂಟಿನಲ್ಲಿದೆ, ಎಲ್ಲಿ ಬೇಕಾದರೂ ಬಳಸಬಹುದು’ ಎಂದು ಓದುತ್ತಾರೆ. ಅದು ಹೇಳುವುದು ಇಷ್ಟೇ: ಇದು ಈ ಪ್ರದೇಶದ ಬಳಕೆ, ಹೊರಗಿನವರಿಗೆ ತಿಳಿಯದೇ ಇರಬಹುದು. ‘ಡು ದ ನೀಡ್‌ಫುಲ್’ ಕೂಡ ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿ ಚಾಲ್ತಿಯಲ್ಲಿತ್ತು. ಅಲ್ಲಿ ಹಳತಾಯಿತು, ಇಲ್ಲಿ ಉಳಿಯಿತು. ಭಾಷೆ ನಡೆಯುವುದೇ ಹೀಗೆ, ಅದಕ್ಕೆ ಯಾರೂ ತಲೆ ತಗ್ಗಿಸಬೇಕಿಲ್ಲ.

ಹಾಗಾದರೆ ನೀವು ಏನು ಮಾಡಬಹುದು?

ನಿಮ್ಮ ಆಫೀಸಿನ ಒಳಗೆ, ಇಲ್ಲಿಯವರ ಜೊತೆ, ಮೊದಲಿನ ಹಾಗೇ ಬರೆಯಿರಿ. ಯಾರಿಗೂ ಗೊಂದಲವಾಗುವುದಿಲ್ಲ. ಒಂದೇ ತೊಂದರೆ ಎಂದರೆ, ಇಂಥ ಪತ್ರಗಳು ಒಳಗೇ ಉಳಿಯುವುದಿಲ್ಲ. ಕೆಳಗೆ ಸರಣಿಯಾಗಿ ಹಳೆ ಮೇಲ್‌ಗಳನ್ನು ಇಟ್ಟುಕೊಂಡೇ ಹೊರಗಿನವರಿಗೆ ಫಾರ್ವರ್ಡ್ ಆಗುತ್ತವೆ.

ಹೊರಗಿನ ಗ್ರಾಹಕರಿಗೆ ಬರೆಯುವಾಗ ಬಿಟ್ಟುಬಿಡಿ. ತಪ್ಪು ಎಂಬ ಕಾರಣಕ್ಕಲ್ಲ, ಅವರಿಗೆ ಎರಡು ಅರ್ಥ ಕೊಡುತ್ತದೆ ಎಂಬ ಕಾರಣಕ್ಕೆ. ‘ಪ್ಲೀಸ್ ರಿಪ್ಲೈ ಬೈ ಫ್ರೈಡೇ’ ಸಾಕು, ಅದರಲ್ಲಿ ಒರಟುತನ ಏನೂ ಇಲ್ಲ. ‘ಲೆಟ್ ಮಿ ನೋ’ ಸ್ವಲ್ಪ ಸಲಿಗೆಯದ್ದು, ಹೊಸ ಗ್ರಾಹಕರಿಗೆ ಬೇಡ ಎನ್ನಿಸಿದರೆ ಬಿಡಿ. ‘ಕೈಂಡ್ಲಿ’ ಸೇರಿಸಿದರೆ ಮರ್ಯಾದೆ ಜಾಸ್ತಿಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ ಇದೆ. ಅಲ್ಲಿಯ ಕೆಲವರಿಗೆ ಅದು ನೋಟಿಸಿನ ಧ್ವನಿಯಂತೆ ಕೇಳಿಸುತ್ತದೆ. ‘ಪ್ಲೀಸ್’ ಸಾಕು. ಈಗಾಗಲೇ ಗೊಂದಲವಾಗಿರುವ ಆ ಗ್ರಾಹಕರಿಗೆ ಪದದ ಚರಿತ್ರೆ ವಿವರಿಸಲು ಹೋಗಬೇಡಿ. ಹೊಸ ದರಗಳೇ ಜಾರಿಯಲ್ಲಿವೆ, ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಎರಡು ಸಾಲು ಇವತ್ತೇ ಬರೆದು ಕಳಿಸಿ. ದರದ ವಿಷಯ, ಅವರು ತಪ್ಪು ತಿಳಿದುಕೊಂಡು ಹಳೆ ಬೆಲೆಗೆ ಆರ್ಡರ್ ಹಾಕಿದರೆ ಆಮೇಲೆ ಬಿಡಿಸುವುದು ಕಷ್ಟ.

ಸಾಫ್ಟ್‌ವೇರ್ ತಂಡಗಳ ಜೊತೆ ಇನ್ನೂ ಹುಷಾರು ಬೇಕು. ‘ಪ್ಲೀಸ್ ರಿವರ್ಟ್ ಆನ್ ದ ಚೇಂಜಸ್’ ಮತ್ತು ‘ಪ್ಲೀಸ್ ರಿವರ್ಟ್ ದ ಚೇಂಜಸ್’ ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿ. ನಡುವೆ ‘ಆನ್’ ಎಂಬ ಒಂದೇ ಪುಟ್ಟ ಪದದ ವ್ಯತ್ಯಾಸ. ಮೊದಲನೆಯದರಲ್ಲಿ ಬದಲಾವಣೆಗಳ ಬಗ್ಗೆ ಉತ್ತರ ಕೇಳುತ್ತಿದ್ದೀರಿ. ಎರಡನೆಯದರಲ್ಲಿ ಎಲ್ಲವನ್ನೂ ರದ್ದು ಮಾಡಲು ಹೇಳುತ್ತಿದ್ದೀರಿ. ಅವಸರದಲ್ಲಿ ಫೋನಿನಲ್ಲಿ ಟೈಪ್ ಮಾಡುವಾಗ ‘ಆನ್’ ಬಿಟ್ಟುಹೋಗುವುದು ಎಷ್ಟು ಸುಲಭ! ಓದಿದವರು ವಿಧೇಯರಾಗಿ ಹೇಳಿದ್ದನ್ನು ಮಾಡಿಬಿಟ್ಟರೆ ವಾರದ ಕೆಲಸ ಹೋಯಿತು ಎಂದೇ ಲೆಕ್ಕ, ಮತ್ತೆ ತರಬಹುದಾದರೂ. ಇಲ್ಲಿ ರಿವರ್ಟ್ ಪದವನ್ನು ರದ್ದು ಮಾಡುವ ಅರ್ಥಕ್ಕೆ ಮಾತ್ರ ಮೀಸಲಿಡಿ.

ಕರಾರಿನಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಅಲ್ಲಿ ರಿವರ್ಟ್ ಅಂದರೆ ಹಕ್ಕು ಮೊದಲಿನವರಿಗೆ ಮರಳುವುದು, ಬೇರೆ ಅರ್ಥ ಬೇಡವೇ ಬೇಡ. ಅದೇ ಕರಾರಿನಲ್ಲಿ ಇನ್ನೊಂದು ಕಡೆ ‘ಸಪ್ಲೈಯರ್ ಶಲ್ ರಿವರ್ಟ್ ವಿದಿನ್ ಸೆವೆನ್ ಡೇಸ್’ ಎಂದಿದ್ದರೆ ತಕ್ಷಣ ತಿದ್ದಿಸಿ, ‘ಶಲ್ ರಿಪ್ಲೈ ಇನ್ ರೈಟಿಂಗ್’ ಎಂದು ಮಾಡಿಸಿ. ಒಂದೇ ದಾಖಲೆಯಲ್ಲಿ ಒಂದು ಪದ ಎರಡು ಅರ್ಥದಲ್ಲಿ ಇದ್ದರೆ ಜಗಳ ಬಂದ ದಿನ ಎದುರು ಪಕ್ಷದ ವಕೀಲರಿಗೆ ಅದು ಸಾಕು. ಇನ್ನೊಂದು ನೋಡಿ: ‘ಹಕ್ಕು ಮರಳುತ್ತದೆ’ ಎಂದಷ್ಟೇ ಇದ್ದರೆ ಸಾಲದು. ಯಾರಿಗೆ, ಯಾವಾಗ, ತಾನಾಗಿಯೋ ಅಥವಾ ಯಾರಾದರೂ ನೋಟಿಸ್ ಕೊಟ್ಟ ಮೇಲೋ ಎನ್ನುವುದು ಬರವಣಿಗೆಯಲ್ಲಿ ಇರಬೇಕು. ಇಲ್ಲದಿದ್ದರೆ ನಿಮ್ಮ ವಕೀಲರನ್ನು ಕೇಳಿ, ಈ ಉತ್ತರ ನಂಬಿ ಸಹಿ ಹಾಕಬೇಡಿ. ನಾನು ಭಾಷೆ ನೋಡುವವನು, ಕಾನೂನು ಅವರ ಕೆಲಸ.

ನಾಮಪದವಾಗಿಯೂ ನಿಮಗೆ ಈ ಪದ ಸಿಗಬಹುದು. ಇಂಗ್ಲಿಷ್ ಮಾತಾಡುವ ಮುಸ್ಲಿಮರಲ್ಲಿ ಹೊಸದಾಗಿ ಇಸ್ಲಾಂಗೆ ಬಂದ ಕೆಲವರು ತಮ್ಮನ್ನು ಕನ್ವರ್ಟ್ ಎನ್ನದೆ ರಿವರ್ಟ್ ಎಂದು ಕರೆದುಕೊಳ್ಳುತ್ತಾರೆ. ಪ್ರತಿ ಮಗುವೂ ಸಹಜವಾದ ನಂಬಿಕೆಯಲ್ಲೇ ಹುಟ್ಟುತ್ತದೆ, ತಾವು ಅಲ್ಲಿಗೆ ಮರಳಿದ್ದೇವೆ ಎಂಬ ಭಾವ ಅದರ ಹಿಂದಿದೆ. ಚರ್ಚ್ ಬಿಟ್ಟು ಮತ್ತೆ ಬಂದ ಕ್ಯಾಥೊಲಿಕರಿಗೂ ಈ ಪದ ಬಳಕೆಯಲ್ಲಿದೆ. ಅವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೇ ಬರೆಯಿರಿ.

ಕೊನೆಯದಾಗಿ ‘ರಿವರ್ಟ್ ಬ್ಯಾಕ್’. ‘ರಿ’ಯಲ್ಲೇ ಹಿಂದಕ್ಕೆ ಎಂಬ ಅರ್ಥ ಇರುವುದರಿಂದ ‘ಬ್ಯಾಕ್’ ಅನಗತ್ಯ. ನಾವು ‘ಮರಳಿ ವಾಪಸ್ ಬಂದ’ ಎನ್ನುವುದಿಲ್ಲವೇ, ಹಾಗೆಯೇ ಇಂಗ್ಲಿಷರ ಬಾಯಲ್ಲೂ ಇದು ಬರುತ್ತದೆ, ಹುಟ್ಟಿನಿಂದ ಇಂಗ್ಲಿಷ್ ಮಾತಾಡುವವರೂ ಬರೆಯುತ್ತಾರೆ. ಮಾತಿನಲ್ಲಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಬರೆಯುವಾಗ ‘ಬ್ಯಾಕ್’ ತೆಗೆದುಹಾಕಿ. ಉತ್ತರ ಕೇಳುವ ಅರ್ಥದಲ್ಲಿ ಬರೆದಿದ್ದರೆ ರಿವರ್ಟನ್ನೂ ತೆಗೆದು ‘ರಿಪ್ಲೈ’ ಹಾಕಿ.